ಹಿಟ್ಟಿನ ಕೋಳಿ

ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಯಾವ ಮನೆಯಲ್ಲಿ ರಾತ್ರಿ ಏನಾಗಿದೆ ಎಂದು ಹೇಳಬಹುದಿತ್ತು. ಅಪ್ಪ ಕೈ ಮಾಡಿದ ಮರುದಿನ ಜೋಳದ ಹಿಟ್ಟಿನ ಮೇಲೆ ಬೀಳುವ ಅವ್ವನ ಅಂಗೈಯೇ ಬೇರೆ. ಹತ್ತು ರೊಟ್ಟಿ ಆಗುವಷ್ಟರಲ್ಲಿ ನನ್ನ ಬೆನ್ನಿಗೂ ಒಂದು ಬೀಳುತ್ತಿತ್ತು. ಕಾರಣಕ್ಕೇನು ಬರ, ಕೊಡ ತುಳುಕಿದ್ದೂ ಸಾಕು.

ಓಣಿಯ ಹಿರಿಯರು ಅವ್ವನಿಗೆ ಹೇಳುತ್ತಿದ್ದುದು ಒಂದೇ: "ಒಂದ ಕೈಲೆ ಚಪ್ಪಾಳಿ ಆಗತೈತೇನವಾ? ನೀನೂ ಸ್ವಲ್ಪ ವಿಚಾರ ಮಾಡು." ಆತ್ಮಾವಲೋಕನ ಎಂದರೆ ನನಗೆ ಇವತ್ತಿಗೂ ಗುಮಾನಿ, ಈ ಉಪದೇಶದಿಂದಾಗಿಯೇ. ಚಪ್ಪಾಳೆಗೆ ಎರಡು ಕೈ ಬೇಕು, ನಿಜ. ಕಪಾಳಕ್ಕೆ ಒಂದೇ ಸಾಕು. ಪೆಟ್ಟು ತಿಂದವಳು ತನ್ನ ತಪ್ಪು ಹುಡುಕುತ್ತ ಕೂತರೆ ಅದು ಹೊಡೆದವನ ಸಾಲವನ್ನು ತಾನು ತೀರಿಸಿದಂತೆ. ಅವಳಿಗೆ ಮೊದಲು ಬೇಕಾದದ್ದು ಹೊರಬರಲು ಬಾಗಿಲು, ಇರಲು ಜಾಗ, ಕಾನೂನು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬೈಗುಳವನ್ನೂ, ಖರ್ಚಿಗೆ ಕೊಡದೆ ಸತಾಯಿಸುವುದನ್ನೂ ಹಿಂಸೆಯೆಂದೇ ಎಣಿಸುತ್ತದೆ. ಅವ್ವನ ಕಾಲಕ್ಕೆ ಅದು ಬಂದಿರಲಿಲ್ಲ.

ಹಾಗಂತ ಒಳಗೆ ನೋಡಿಕೊಳ್ಳುವುದೇ ಬೇಡವೆಂದಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನನಗೆ ಬಿದ್ದ ಪೆಟ್ಟು ನನ್ನಿಂದ ಎತ್ತ ಹೊರಟಿದೆ?

ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯನ್ನು ನಾನು ಈ ಪ್ರಶ್ನೆ ಇಟ್ಟುಕೊಂಡೇ ಓದುತ್ತೇನೆ. ಹೆಂಡತಿ ಅಮೃತಮತಿ ಮಾವುತನ ಬಳಿ ಹೋದದ್ದನ್ನು ಕಣ್ಣಾರೆ ಕಂಡ ಅರಸ ಯಶೋಧರ ಕತ್ತಿ ಎತ್ತಲು ಹೋಗಿ ತಡೆದುಕೊಳ್ಳುತ್ತಾನೆ. ಭೇಷ್ ಅನ್ನೋಣ. ಆದರೆ ಮರುದಿನ ತಾಯಿ ಚಂದ್ರಮತಿಯ ಮುಂದೆ ನಡೆದದ್ದನ್ನು ಬಾಯಿಬಿಡುವುದಿಲ್ಲ. ಕೆಟ್ಟ ಕನಸು ಬಿತ್ತೆಂದು ನೆಪ ಹೇಳುತ್ತಾನೆ. ಕನಸಿನ ಶಾಂತಿಗೆ ದೇವಿಗೆ ಬಲಿ ಕೊಡೆನ್ನುತ್ತಾಳೆ ಅವಳು. ಜೀವ ತೆಗೆಯಲಾರೆ ಎಂದವನು ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕಡಿದಾಗ ಆ ಕೋಳಿ ಕೂಗುತ್ತದೆ! ಮುಂದೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮ ತೊಳಲುತ್ತಾರೆ.

ಮನಸ್ಸಿನಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ ಎಂಬ ಜೈನ ತತ್ವಕ್ಕೆ ಇದು ದೃಷ್ಟಾಂತವೆಂದು ತರಗತಿಯಲ್ಲಿ ಪಾಠ ಕೇಳಿದ್ದೇವೆ. ಒಪ್ಪುತ್ತೇನೆ, ಆದರೆ ನನಗೆ ಕಾಣುವುದು ಇನ್ನೊಂದು. ರಾತ್ರಿ ಇಳಿಯದ ಕತ್ತಿಯೇ ಆಮೇಲೆ ಕೋಳಿಯ ಮೇಲೆ ಇಳಿದದ್ದು. ಅರಸ ಕೈಯನ್ನೇನೋ ಹಿಡಿದುಕೊಂಡ. ಸಿಟ್ಟಿನ ಮುಖ ನೋಡಲಿಲ್ಲ, ಅದಕ್ಕೆ ಕನಸೆಂದು ಹೆಸರಿಟ್ಟ. ಸಂಯಮವನ್ನೇ ಅವಲೋಕನವೆಂದು ನಂಬಿದವರ ಮನೆಯಲ್ಲೆಲ್ಲ ಇಂಥದೊಂದು ಮೆತ್ತಗಿನ ಕೋಳಿ ಇರುತ್ತದೆ. ನಮ್ಮ ಮನೆಯಲ್ಲಿ ನಾನಿದ್ದೆ.

ಈಗ ರೊಟ್ಟಿ ಬಡಿಯುವವಳು ನಾನು. ಮೊನ್ನೆ ಸಂಜೆ ಹೊರಗಿನ ಕೋಣೆಯಿಂದ ಮಗಳು ಕೂಗಿ ಕೇಳಿದಳು: "ಮಮ್ಮೀ, ಇವತ್ತ ಯಾರ ಮ್ಯಾಲೆ ಸಿಟ್ಟು?" ನೆಲದ ಮೇಲೆ ಅವಳ ಪುಸ್ತಕ ಹರವಿಕೊಂಡು ಬಿದ್ದಿದ್ದವು. "ನಿನ್ನ ಮ್ಯಾಲೇ" ಅನ್ನಲು ಬಾಯಿ ತೆರೆದಿದ್ದೆ. ಸುಳ್ಳು ಅದು. ಹಿಟ್ಟಿನ ಕೈಯಲ್ಲೇ ಹೋಗಿ ಅವಳ ಪಕ್ಕ ಕೂತು, ಮಧ್ಯಾಹ್ನ ಆಫೀಸಿನಲ್ಲಿ ಎಲ್ಲರೆದುರು ನಾನು ಅನ್ನಿಸಿಕೊಂಡಿದ್ದನ್ನು ಹೇಳತೊಡಗಿದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.