ಸಾಲಿನ ಕೊನೆಯ ದೀಪ

ದೀಪ ಹಚ್ಚುವುದು ಬೇರೆ, ದೀಪಕ್ಕೆ ಅಪ್ಪಣೆ ಕೊಡುವುದು ಬೇರೆ. ಎಣ್ಣೆಯ ದೀಪ ಹಚ್ಚುವವಳು ಅದರ ಹತ್ತಿರ ಹೋಗಲೇಬೇಕು. ಬತ್ತಿ ಸರಿಮಾಡಬೇಕು, ಎಣ್ಣೆ ಎಷ್ಟಿದೆಯೆಂದು ಬಗ್ಗಿ ನೋಡಬೇಕು, ಗಾಳಿ ಬೀಸಿದರೆ ಕೈ ಅಡ್ಡ ಹಿಡಿಯಬೇಕು. ಕರೆಂಟು ಬಂದ ಮೇಲೆ ಗೋಡೆಯ ಸ್ವಿಚ್ಚಿನ ತನಕ ಹೋದರೆ ಸಾಕಾಯಿತು. ಈಗ ಅದೂ ಬೇಕಿಲ್ಲ. ಕುಳಿತಲ್ಲಿಂದಲೇ ಫೋನಿನಲ್ಲಿ ಒಂದು ಮಾತು ಕಳಿಸಿದರೆ ಮುನ್ನೂರು ದೀಪಗಳು ಮುನ್ನೂರು ಬಣ್ಣದಲ್ಲಿ ಉರಿಯುತ್ತವೆ. ದೀಪಕ್ಕೂ ನಮಗೂ ದೂರ ಹೆಚ್ಚಿದಷ್ಟೂ ಅನುಕೂಲ ಹೆಚ್ಚಿದೆ. ಆ ಅನುಕೂಲದ ಬೆನ್ನಿಗೆ ಒಂದು ಪ್ರಶ್ನೆಯೂ ಬಂದಿದೆ. ನೋಡುವುದಕ್ಕೆ ಅದು ದೀಪದ ಪ್ರಶ್ನೆ. ನನಗೇನೋ ಮನೆ ನಡೆಸುವವರ ಪ್ರಶ್ನೆಯೆಂದೇ ತೋರುತ್ತದೆ.

ಹಬ್ಬಕ್ಕೆ ನಾವೆಲ್ಲ ಹಾಕುತ್ತಿದ್ದ ಸೀರಿಯಲ್ ಸೆಟ್ ನಿಮಗೆ ನೆನಪಿರಬೇಕು. ಮಿಣಮಿಣ ಎನ್ನುವುದಷ್ಟೇ ಅದಕ್ಕೆ ಗೊತ್ತು. ಒಂದು ಬಲ್ಬು ಹೋದರೆ ಇಡೀ ಸಾಲು ಕತ್ತಲು. ಈಗ ಬಂದಿರುವುದು ರಿಬ್ಬನ್ನಿನಂತೆ ಸುರುಳಿ ಸುತ್ತಿಟ್ಟ ಎಲ್.ಇ.ಡಿ. ಸ್ಟ್ರಿಪ್. ಅದರಲ್ಲಿಯೂ ಒಂದೊಂದು ದೀಪಕ್ಕೆ ಬೇರೆಬೇರೆಯಾಗಿ ಹೇಳಬಹುದಾದ ಒಂದು ಬಗೆಯಿದೆ. ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇಂಥದೊಂದು ಸುರುಳಿ ತಂದು ದೀಪಾವಳಿಗೆ ನಮ್ಮ ಮನೆಯ ಮುಂದಿನ ಜಗಲಿಯ ಅಂಚಿಗೆ ಅಂಟಿಸಿದ. ಐದು ಮೀಟರು ಉದ್ದ, ಮೀಟರಿಗೆ 60ರಂತೆ 300 ದೀಪ.

ಅದು ಕೆಲಸ ಮಾಡುವ ರೀತಿ ಸ್ವಾರಸ್ಯವಾಗಿದೆ. ಪ್ರತಿಯೊಂದು ದೀಪದೊಳಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಪುಟ್ಟ ಬೆಳಕುಗಳು, ಅವುಗಳ ಜೊತೆಗೆ ಸಾಸಿವೆಗಿಂತ ಚಿಕ್ಕದಾದ ಒಂದು ಚಿಪ್ ಇರುತ್ತದೆ. ಒಂದೊಂದು ಬಣ್ಣಕ್ಕೂ 0ಯಿಂದ 255ರವರೆಗೆ ಅಂಕ. ಮೂರನ್ನೂ ಬೆರೆಸಿದರೆ 1,67,77,216 ಬಣ್ಣಗಳಾಗುತ್ತವೆ! ಸಾಲಿನ ಮೊದಲಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸರ್ಕ್ಯೂಟ್ ಬೋರ್ಡು. ಅದರಲ್ಲಿ ಡಬ್ಲ್ಯು.ಎಲ್.ಇ.ಡಿ. ಎಂಬ ಪ್ರೋಗ್ರಾಮ್. ಫೋನಿನಿಂದ ಮಾತಾಡುವುದು ಈ ಪ್ರೋಗ್ರಾಮಿನ ಜೊತೆ. ಹೀಗೆ ಮಾತಾಡಲು ಗೊತ್ತುಮಾಡಿದ ರೀತಿಗೆ ಪ್ರೋಗ್ರಾಮಿಂಗ್ ಇಂಟರ್‌ಫೇಸ್ ಎನ್ನುತ್ತಾರೆ. ದಿನಸಿ ಅಂಗಡಿಗೆ ಚೀಟಿ ಕಳಿಸುವ ಹಾಗೆ ಅಂದುಕೊಳ್ಳಿ. ಬೇಳೆ ಎರಡು ಕಿಲೋ ಎಂದು ಬರೆದರೆ ಮುಗಿಯಿತು, ಮೂಟೆ ಎಲ್ಲಿದೆ, ತೂಗಿದವರು ಯಾರು ಎಂಬುದು ನಮಗೆ ಬೇಡ. ಇಲ್ಲಿಯೂ ಅಷ್ಟೇ: ಉರಿಯಲಿ, ಪ್ರಕಾಶ 255, ಬಣ್ಣ ಇಂಥದು.

“ಇಷ್ಟೊಂದು ದೀಪಗಳಲ್ಲಿ ಯಾವ ಮಾತು ಯಾರಿಗೆ ಎಂದು ಅವಕ್ಕೆ ಹೇಗೋ ಗೊತ್ತಾಗುತ್ತೆ?” ಎಂದು ಕೇಳಿದೆ.

“ಅವಕ್ಕೆ ಹೆಸರಿಲ್ಲ ದೊಡ್ಡಮ್ಮ, ನಿಂತಿರೋ ಜಾಗವೇ ಹೆಸರು” ಎಂದ.

ಬೋರ್ಡಿನಿಂದ ಮುನ್ನೂರು ದೀಪಗಳ ಅಂಕಗಳೂ ಒಂದೇ ತಂತಿಯಲ್ಲಿ ಸಾಲಾಗಿ ಹೊರಡುತ್ತವೆ. ಮೊದಲನೆಯ ದೀಪ ಮೊದಲಿನ ಮೂರು ಅಂಕ ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ. ಎರಡನೆಯದು ತನಗೆ ಬಂದದ್ದರಲ್ಲಿ ಮೊದಲಿನ ಮೂರನ್ನು ಇಟ್ಟುಕೊಂಡು ಮಿಕ್ಕದ್ದನ್ನು ದಾಟಿಸುತ್ತದೆ. ಹೀಗೆ ಕೊನೆಯವರೆಗೆ. ಸೆಕೆಂಡಿನ ನೂರರಲ್ಲಿ ಒಂದು ಪಾಲಿನೊಳಗೆ ಎಲ್ಲ ಮುಗಿಯುತ್ತದೆ. ಪ್ರೋಗ್ರಾಮಿನವರು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವುದರಿಂದ ಕೊನೆಯ ದೀಪ 299ನೆಯದು. ಎಲ್ಲವೂ ಒಂದೇ ತರಹ ತಯಾರಾದವು. ಸುರುಳಿಯನ್ನು ಬೇರೆ ಕಡೆ ಕತ್ತರಿಸಿದ್ದರೆ ಈ 299ನೆಯದು ಇನ್ನೊಂದು ಸಾಲಿನ ಮೊದಲನೆಯದಾಗಿರುತ್ತಿತ್ತು. ಹಿರಿಸೊಸೆ, ಕಿರಿಸೊಸೆ ಎಂದು ಜಾಗದಿಂದಲೇ ಕರೆಸಿಕೊಂಡು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತನ್ನ ಪಾಲು ತೆಗೆದುಕೊಂಡು ಉಳಿದವರದನ್ನು ಮುಟ್ಟದೆ ದಾಟಿಸುವುದು! ಇದಕ್ಕಿಂತ ಒಳ್ಳೆಯ ಧರ್ಮ ಬೇಕೆ ಎಂದು ಆ ಕ್ಷಣಕ್ಕೆ ಅನ್ನಿಸಿತು. ಆದರೆ ಸಂಜೆ ಎಲ್ಲ ದೀಪಗಳಿಗೂ ‘ಪೂರ್ತಿ ಬಿಳಿ’ ಎಂದು ಹೇಳಿದಾಗ ಬೇರೊಂದು ಕಂಡಿತು. ಬಾಗಿಲ ಬಳಿಯ ದೀಪಗಳು ಮಲ್ಲಿಗೆಯಂತೆ ಬೆಳ್ಳಗಿದ್ದವು. ನಡುವಿನವು ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದವು. ಜಗಲಿಯ ತುದಿಯವು ಕೆಂಪುಮಿಶ್ರಿತ ಹಳದಿ. ನೋಡಲು ಬಂದ ಪಕ್ಕದ ಮನೆಯವರು, ಸಂಜೆಯ ಸೂರ್ಯನ ಹಾಗೆ ಚೆನ್ನಾಗಿದೆಯಲ್ಲ ಎಂದರು.

ಕಾರಣ ಸರಳವಾದದ್ದು. ಸಾಲಿನಲ್ಲಿ ಹರಿಯುವುದು ಎರಡು: ಒಂದು ಮಾತು, ಇನ್ನೊಂದು ವಿದ್ಯುತ್ತು. ಮಾತನ್ನು ಪ್ರತಿಯೊಂದು ಚಿಪ್ಪೂ ಹೊಸದಾಗಿ ತಿದ್ದಿ ಮುಂದಕ್ಕೆ ಕೊಡುತ್ತದೆ. ಹಾಗಾಗಿ ಅದು ಕೊನೆಯವರೆಗೂ ಒಂದಕ್ಷರ ಮಾಸದೆ ತಲುಪುತ್ತದೆ. ವಿದ್ಯುತ್ತಿಗೆ ಅಂಥ ತಿದ್ದುವವರಿಲ್ಲ. ಒಂದೊಂದು ದೀಪ ಪೂರ್ತಿ ಬೆಳ್ಳಗೆ ಉರಿಯಲು ಹೆಚ್ಚುಕಡಿಮೆ 60 ಮಿಲಿ ಆಂಪಿಯರ್ ಬೇಕು. ಮುನ್ನೂರಕ್ಕೆ 18 ಆಂಪಿಯರ್. ಅಷ್ಟನ್ನೂ ಕಾಗದದಷ್ಟು ತೆಳುವಾದ ತಾಮ್ರದ ಪಟ್ಟಿ ಹೊರಬೇಕು. ದಾರಿಯುದ್ದಕ್ಕೂ ಅದು ಸವೆಯುತ್ತದೆ. ಹುಡುಗ ಮೀಟರು ಹಿಡಿದು ನೋಡಿದಾಗ ಮೊದಲಲ್ಲಿ 5 ವೋಲ್ಟ್ ಇತ್ತು, ತುದಿಯಲ್ಲಿ ನಾಲ್ಕೂ ಇರಲಿಲ್ಲ. ಕೆಂಪು ಬೆಳಕು ಸುಮಾರು 2 ವೋಲ್ಟಿನಲ್ಲಿ ಉರಿದೀತು, ನೀಲಿಗೆ 3ಕ್ಕೂ ಹೆಚ್ಚು ಬೇಕು. ಆದ್ದರಿಂದ ಮೊದಲು ಸೊರಗುವುದು ನೀಲಿ. ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ. 1962ರಲ್ಲಿಯೇ ಬಂದಿತ್ತು. ನೀಲಿಗಾಗಿ ವಿಜ್ಞಾನಿಗಳು ದಶಕಗಟ್ಟಲೆ ಹೆಣಗಿದರು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಅಷ್ಟು ಕಷ್ಟದಿಂದ ದಕ್ಕಿದ್ದೇ ಸಾಲಿನ ತುದಿಯವರಿಗೆ ಮೊದಲು ತಪ್ಪಿಹೋಗುತ್ತದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು ಇದಾದ ಮೇಲಿನ ಮಾತು. ಕೊನೆಯ ದೀಪ ಹೇಗಿದೆಯೆಂದು ಆ ಪ್ರೋಗ್ರಾಮನ್ನೇ ಕೇಳಬಹುದು. ಕೇಳಿದರೆ ಅದು ‘ಉರಿಯುತ್ತಿದೆ, ಪ್ರಕಾಶ 255, ಬಣ್ಣ ಬಿಳಿ’ ಎಂದು ಉತ್ತರ ಕೊಡುತ್ತದೆ. ಸುಳ್ಳು ಹೇಳುವ ಉದ್ದೇಶ ಅದಕ್ಕಿಲ್ಲ. ತಾನು ಕೊಟ್ಟ ಅಪ್ಪಣೆಯನ್ನೇ ಅದು ಓದಿ ಹೇಳುತ್ತಿದೆ. ದೀಪದಿಂದ ಬೋರ್ಡಿಗೆ ಹಿಂದಿರುಗಿ ಬರುವ ತಂತಿಯೇ ಇಲ್ಲ. ಮಾತು ಹೋಗುತ್ತದೆ, ಮರಳಿ ಬರುವುದಿಲ್ಲ.

ಸಮನಾಗಿ ಹೇಳಿದ ಮಾತ್ರಕ್ಕೆ ಸಮನಾಗಿ ಕೊಟ್ಟಂತಾಯಿತೇ? ಪ್ರಶ್ನೆ ಇದು.

ಮಗನಿಗೂ ಮಗಳಿಗೂ ಭೇದ ಮಾಡದ ಮನೆಗಳು ಈಗ ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಇಬ್ಬರೂ ಓದಿ, ಇಬ್ಬರೂ ಮುಂದೆ ಬನ್ನಿ ಎಂದು ತಾಯಿ ಮನಸಾರೆ ಹೇಳುತ್ತಾಳೆ. ಮಾತಿನಲ್ಲಿ ಕಲಬೆರಕೆಯಿಲ್ಲ. ಸಂಜೆ ಏಳಕ್ಕೆ ಮಗ ಪುಸ್ತಕ ತೆರೆಯುತ್ತಾನೆ. ಮಗಳು ಚಪಾತಿ ಲಟ್ಟಿಸಿ, ಅಜ್ಜಿಗೆ ಮಾತ್ರೆ ಕೊಟ್ಟು, ಒಂಬತ್ತಕ್ಕೆ ತೆರೆಯುತ್ತಾಳೆ. ಮಾತು ಇಬ್ಬರಿಗೂ ಒಂದೇ ತಲುಪಿತು, ಹೊತ್ತು ಮಾತ್ರ ದಾರಿಯಲ್ಲಿ ಖರ್ಚಾಯಿತು. ಅವಳ ಅಂಕಗಳು ಸ್ವಲ್ಪ ಕಡಿಮೆ ಬಂದರೆ, ಇಬ್ಬರನ್ನೂ ಒಂದೇ ತರಹ ನೋಡಿಕೊಂಡೆವಲ್ಲ ಎಂದು ಮನೆಯವರಿಗೆ ನಿಜವಾಗಿಯೂ ಆಶ್ಚರ್ಯವಾಗುತ್ತದೆ.

ಕಾನೂನಿನ ಮಾತೂ ಹೀಗೆಯೇ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೇ ಜಾರಿಗೆ ಬಂತು; ಅದಕ್ಕೆ ಮುಂಚೆ ಮದುವೆಯಾದವರಿಗೆ ಮಾತ್ರ ಅದು ಅನ್ವಯಿಸಲಿಲ್ಲ. 2005ರಲ್ಲಿ ಕೇಂದ್ರದ ಕಾನೂನು ಬಂದು, ಮದುವೆಯಾಗಿರಲಿ ಬಿಡಲಿ, ಮಗಳಿಗೂ ಮಗನಷ್ಟೇ ಹಕ್ಕು ಎಂದಿತು. ಪುಸ್ತಕದಲ್ಲಿ ಬರೆದ ಅಕ್ಷರ ಎಲ್ಲಿಯೂ ಮಾಸಿಲ್ಲ. ಆದರೂ ತವರಿಗೆ ಬಂದ ಅಕ್ಕತಂಗಿಯರು ಅರಿಸಿನ ಕುಂಕುಮದ ಜೊತೆಗೆ ಹಕ್ಕು ಬಿಡುಗಡೆ ಪತ್ರಕ್ಕೂ ಸಹಿ ಮಾಡಿ ಹೋಗುವುದನ್ನು ನೀವೂ ಕಂಡಿರುತ್ತೀರಿ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಅಷ್ಟನ್ನು ಸವೆಸಿರುತ್ತದೆ.

ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಾದರೇನು ಎಂಬ ಗಾದೆಯಿದೆ. ಬಡಿಸುವವರ ಪ್ರೀತಿಯೊಂದಿದ್ದರೆ ಸಾಕು, ಕೂತ ಜಾಗ ಲೆಕ್ಕಕ್ಕಿಲ್ಲ ಎಂದು ಅದರ ಅರ್ಥ. ನನಗೆ ಈಗ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಪ್ರೀತಿ ಪೂರ್ತಿ ಇದ್ದರೂ ಕೈಯಲ್ಲಿನ ಪಾತ್ರೆ ಕೊನೆಯ ಎಲೆ ಮುಟ್ಟುವ ಹೊತ್ತಿಗೆ ಬರಿದಾಗಿರಬಹುದು. ಕೊನೆಯಲ್ಲಿ ಕೂತವಳನ್ನು ಕೇಳಿದರೂ ಪ್ರಯೋಜನವಿಲ್ಲ. ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎನ್ನುತ್ತಾಳೆ. ಅಭ್ಯಾಸದಿಂದ ಬಂದ ಆ ಮಾತು ‘ಬಿಳಿ, 255’ ಎಂಬ ಉತ್ತರದಂಥದೇ. ಮೇಲಾಗಿ ಅವಳು ಕತ್ತಲಾಗಿರುವುದಿಲ್ಲ, ಉರಿಯುತ್ತಲೇ ಇರುತ್ತಾಳೆ. ನೀಲಿ ಕಳೆದುಹೋದ ಆ ಬಣ್ಣವನ್ನೇ ಅವಳ ಸ್ವಭಾವವೆಂದು ತಿಳಿದು, ಹೊಂದಿಕೊಂಡು ಹೋಗುತ್ತಾಳೆ, ಒಳ್ಳೆಯವಳು ಎಂದು ನಾವು ಹೊಗಳುತ್ತೇವೆ.

ತಿಳಿಯದೆ ಆದದ್ದಕ್ಕೆ ಹೊಣೆ ಯಾರು ಎಂದು ಕೇಳಬಹುದು. ಪ್ರೋಗ್ರಾಮಿಗೆ ಹೊಣೆಯಿಲ್ಲ, ಎದ್ದು ಹೋಗಿ ನೋಡಲು ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ. ನಮಗೆ ಎರಡೂ ಇವೆ. ತಿಳಿಯಲಿಲ್ಲ ಎಂಬುದು ತಿಳಿಯುವ ದಾರಿಯೇ ಇಲ್ಲದವರಿಗೆ ಸಲ್ಲುವ ಮಾತು. ಹತ್ತು ಹೆಜ್ಜೆ ನಡೆದರೆ ಕಾಣುವಂಥದಕ್ಕೆ ಅದು ಸಲ್ಲುವುದಿಲ್ಲ. ಇದನ್ನು ಗಂಡಸರಿಗೆ ಮಾತ್ರ ಹೇಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಒಂದು ಸಾಲಿನಲ್ಲಿ ಕೊನೆಯಲ್ಲಿರುವ ಹೆಂಗಸು ಇನ್ನೊಂದು ಸಾಲಿಗೆ ಅಪ್ಪಣೆ ಕೊಡುವವಳೂ ಆಗಿರುತ್ತಾಳೆ. ಸೊಸೆ, ಮಗಳು, ಮನೆಗೆಲಸಕ್ಕೆ ಬರುವವಳು, ಇವರೆಲ್ಲ ಅವಳ ಮಾತಿಗೆ ಉರಿಯುವ ದೀಪಗಳೇ.

ಪರಿಹಾರವನ್ನು ಆ ಹುಡುಗನ ಕೆಲಸವೇ ತೋರಿಸಿತು. ಇನ್ನೂ ಜೋರಾಗಿ ಅಪ್ಪಣೆ ಕೊಡುವುದರಿಂದ ಏನೂ ಆಗುವುದಿಲ್ಲ. ಎಲ್ಲರೂ ಹೆಚ್ಚು ಉರಿದಷ್ಟೂ ತುದಿಯವು ಇನ್ನೂ ಕೆಂಪಾಗುತ್ತವೆ. ಅವನು ಮಾಡಿದ್ದು ಎರಡು ಕೆಲಸ. ದಪ್ಪ ತಂತಿ ಎಳೆದು ಸಾಲಿನ ತುದಿಯಿಂದಲೂ ವಿದ್ಯುತ್ತು ಕೊಟ್ಟ. ಪ್ರಕಾಶವನ್ನು 255ರಿಂದ 120ಕ್ಕೆ ಇಳಿಸಿದ. ಮುಂದಿನ ದೀಪಗಳು ಸ್ವಲ್ಪ ತಗ್ಗಿ ಉರಿದ ಕೂಡಲೇ ಹಿಂದಿನವಕ್ಕೆ ತಮ್ಮ ಬಿಳುಪು ಮರಳಿ ಬಂತು. ಕಳೆದುಕೊಂಡೆವೆಂದು ಬಾಗಿಲ ಬಳಿಯ ದೀಪಗಳನ್ನು ನೋಡಿದ ಯಾರಿಗೂ ಅನ್ನಿಸಲಿಲ್ಲ.

ಮನೆಯಲ್ಲಿ ಇದಕ್ಕೆ ತಕ್ಕ ಕೆಲಸಗಳು ದೊಡ್ಡವೇನಲ್ಲ. ಒಂದು ದಿನ ಕೊನೆಯ ಎಲೆಯಿಂದ ಬಡಿಸಲು ಶುರು ಮಾಡುವುದು. ಚಪಾತಿಯನ್ನು ಮಗನೂ ಲಟ್ಟಿಸುವುದು. ಸಹಿ ಹಾಕುವ ಮುನ್ನ ತಂಗಿಯನ್ನು ಒಬ್ಬಳನ್ನೇ ಕರೆದು, ನಿನಗೆ ನಿಜವಾಗಿ ಏನು ಬೇಕು ಎಂದು ಕೇಳಿ, ಉತ್ತರ ಬರುವ ತನಕ ಕಾಯುವುದು. ಇವಕ್ಕೆಲ್ಲ ಕೂತಲ್ಲಿಂದ ಏಳಬೇಕಾಗುತ್ತದೆ. ಭೇದ ಮಾಡಿಲ್ಲ ಎಂಬ ಸಮಾಧಾನ ಅಪ್ಪಣೆ ಕೊಟ್ಟವರಿಗೆ ಬೇಗ ಸಿಗುತ್ತದೆ. ಎಷ್ಟು ತಲುಪಿತು ಎಂಬ ಲೆಕ್ಕವಿರುವುದು ಕೊನೆಯಲ್ಲಿ ನಿಂತವರ ಹತ್ತಿರ, ಅದನ್ನು ಅಲ್ಲಿಗೆ ಹೋಗಿಯೇ ತಿಳಿಯಬೇಕು.