ಚುಕ್ಕಾಣಿ ಯಾರ ಕೈಯಲ್ಲಿ?

ಆಟಿಕೆಗಳಲ್ಲಿ ಎರಡು ಬಗೆ. ಮಗು ಆಡುವುದು ಒಂದು; ಮಗುವನ್ನು ನಾವು ಆಡಿಸುವುದು ಇನ್ನೊಂದು. ನೋಟಕ್ಕೆ ಎರಡೂ ಒಂದೇ ಆಗಿರಬಹುದು.

ಮಗು ಕುಳಿತು ಓಡಿಸುವ ವಿದ್ಯುತ್ ಕಾರು ಇಂದಿನ ಸೋಜಿಗವೇನಲ್ಲ. ಫ್ರಾನ್ಸಿನ ಮೋಲ್ಶೈಮಿನಲ್ಲಿ ಪಂದ್ಯದ ಕಾರುಗಳನ್ನು ತಯಾರಿಸುತ್ತಿದ್ದ ಎತ್ತೋರೆ ಬುಗಾಟಿ, ತನ್ನ ಕಿರಿಯ ಮಗ ರೋಲಾಂಡನಿಗೆಂದು ಹೆಸರಾಂತ 35ನೆಯ ಮಾದರಿಯನ್ನೇ ಅರ್ಧ ಅಳತೆಗೆ ಇಳಿಸಿ ಬ್ಯಾಟರಿಯಿಂದ ಓಡುವಂತೆ ಮಾಡಿದ. ಗಿರಾಕಿಗಳು ಆಸೆಪಟ್ಟು ಕೇಳಲು, 1927ರಿಂದ ಅದು ಮಾರಾಟಕ್ಕೂ ಬಂದಿತು. ಸಿರಿವಂತರ ಆಟಿಕೆ, ನಿಜ. ಆದರೆ ಅದರ ಚುಕ್ಕಾಣಿ ಮಾತ್ರ ಮಗುವಿನದೇ. ತಪ್ಪಾಗಿ ತಿರುಗಿಸಿದರೆ ಗೋಡೆ. ಸರಿಯಾಗಿ ತಿರುಗಿಸಿದರೆ ದಾರಿ.

ಇಂದು ಯಾದಗಿರಿ, ಶಹಾಪುರಗಳ ಅಂಗಳಗಳಿಗೂ ಅಂಥ ಕಾರುಗಳು ಬಂದಿವೆ. ನಾನು ಕಂಡ ಹಲವುಗಳಲ್ಲಿ ಮಗು ಗಂಭೀರವಾಗಿ ಸ್ಟಿಯರಿಂಗ್ ತಿರುಗಿಸುತ್ತದೆ, ಹಾರ್ನ್ ಒತ್ತುತ್ತದೆ. ಕಾರು ಓಗೊಡುವುದು ಮಾತ್ರ ತಂದೆಯ ಕೈಯ ರಿಮೋಟಿಗೆ. ಮಗುವಿಗೆ ಪೆಟ್ಟಾಗದಿರಲೆಂಬ ಕಕ್ಕುಲಾತಿ ಅದು. ಅದನ್ನು ಹಳಿಯುವವರಾರು? ಆದರೂ ತಾನೇ ಓಡಿಸುತ್ತಿದ್ದೇನೆಂದು ಆ ಮಗು ನಂಬಿರುತ್ತದೆಯಲ್ಲ, ಆ ನಂಬಿಕೆಗೆ ನಾವು ಏನೆಂದು ಉತ್ತರ ಹೇಳಬೇಕು?

ಇದನ್ನು ಯೋಚಿಸುವಾಗ ನನಗೆ ಸುರಪುರದ ನೆನಪಾಗುತ್ತದೆ. 1842ರಲ್ಲಿ ತಂದೆ ತೀರಿಕೊಂಡಾಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಗದ್ದುಗೆ ಅವನದು, ಆಡಳಿತ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನದು. ಟೇಲರ್ ಕಟುಕನಲ್ಲ, ಬಾಲರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1853ರಲ್ಲಿ ಅಧಿಕಾರ ರಾಜನ ಕೈಗೆ ಬಂದಿತು. ಐದೇ ವರ್ಷಗಳಲ್ಲಿ, 1858ರಲ್ಲಿ, ಅವನು ಬ್ರಿಟಿಷರ ವಿರುದ್ಧ ಎದ್ದು ನಿಂತ. ಸೆರೆಸಿಕ್ಕಿ ಅದೇ ವರ್ಷ ಮಡಿದ. ಚುಕ್ಕಾಣಿಯನ್ನು ಕೊಟ್ಟಿದ್ದೇವೆಂದವರು ರಿಮೋಟನ್ನು ಕೆಳಗಿಟ್ಟಿರಲಿಲ್ಲ. ಅದನ್ನು ಅರಿತವನು ಬಂಡೇಳದೆ ಇನ್ನೇನು ಮಾಡಿಯಾನು?

ಆಟದ ಕಾರಿಗೂ ಅರಸೊತ್ತಿಗೆಗೂ ಅಜಗಜಾಂತರವೆನ್ನಬಹುದು. ಅಳತೆಯಲ್ಲಿ ಅಂತರವುಂಟು, ನೀತಿಯಲ್ಲಿಲ್ಲ. ಎಳೆಯರನ್ನು ಕಾಯುವುದು ಹಿರಿಯರ ಧರ್ಮ; ಕಾಯುತ್ತಿರುವುದನ್ನು ಮುಚ್ಚಿಟ್ಟು, ನೀನೇ ಒಡೆಯನೆಂದು ನಂಬಿಸುವುದು ಧರ್ಮವಲ್ಲ. “ಮಗೂ, ಈಗ ಓಡಿಸುತ್ತಿರುವವನು ನಾನು, ನಾಳೆ ನೀನು” ಎಂದು ಹೇಳಿದರೆ ಆಟದ ಸೊಗಸು ಕೊಂಚ ಕುಂದೀತು, ವಿಶ್ವಾಸ ಕುಂದದು. ಆ ನಾಳೆ ಬಂದಾಗ ರಿಮೋಟನ್ನು ನಿಜವಾಗಿಯೂ ಕೆಳಗಿಡಬೇಕು. ಗೋಡೆಗೆ ಒಂದೆರಡು ಸಲ ತಾಗಿದರೆ ತಾಗಲಿ. ಬಣ್ಣ ಹೋದೀತು, ದಾರಿ ತಿಳಿದೀತು.