ಹತ್ತಕ್ಷರದ ಮಾಲೆ

ಹೈಸ್ಕೂಲಿನಲ್ಲಿ ಛಂದಸ್ಸು ಓದಿದವರನ್ನು ಯಾವ ವಯಸ್ಸಿನಲ್ಲಾದರೂ ಕೇಳಿ ನೋಡಿ, ‘ಯಮಾತಾರಾಜಭಾನಸಲಗಂ’ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಪದ್ಯಗಳು ಮರೆತಿರುತ್ತವೆ, ಕವಿಯ ಕಾಲ, ಊರು ಮರೆತಿರುತ್ತವೆ. ಅರ್ಥವೇ ಇಲ್ಲದ ಈ ಪದ ಮಾತ್ರ ನಾಲಗೆಗೆ ಅಂಟಿಕೊಂಡಿರುತ್ತದೆ. ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ವೃತ್ತದ ಹೆಸರು ಬರೆದು ಅಂಕ ಗಿಟ್ಟಿಸಲು ಅದು ಬೇಕಿತ್ತು. ಅಲ್ಲಿಗೆ ಅದರ ಕೆಲಸ ಮುಗಿಯಿತು ಎಂದೇ ನಾನೂ ತಿಳಿದಿದ್ದೆ.

ಮೊನ್ನೆ ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಅದನ್ನೇ ಬರೆದು ಪ್ರಸ್ತಾರ ಹಾಕಿದೆ, ಅಂದರೆ ಒಂದೊಂದು ಅಕ್ಷರವೂ ಲಘುವೋ (ಗಿಡ್ಡ) ಗುರುವೋ (ಉದ್ದ) ಎಂದು ಗುರುತು ಹಾಕಿದೆ. ಯ ಲಘು. ಮಾ, ತಾ, ರಾ ಮೂರೂ ಗುರು. ಜ ಲಘು, ಭಾ ಗುರು. ನ, ಸ, ಲ ಲಘು, ಗಂ ಗುರು. ಮೊದಲ ಮೂರಕ್ಷರ ಯಮಾತಾ, ಅದು ಯಗಣ. ಒಂದಕ್ಷರ ಮುಂದಕ್ಕೆ ಹೋದರೆ ಮಾತಾರಾ, ಅದು ಮಗಣ. ಹೀಗೆ ಹೆಜ್ಜೆ ಹೆಜ್ಜೆಯಾಗಿ ‘ಸಲಗಂ’ ಮುಟ್ಟುವಷ್ಟರಲ್ಲಿ ಮೂರಕ್ಷರದ ಎಂಟು ಗಣಗಳೂ ಬಂದುಹೋದವು. ಒಂದೂ ತಪ್ಪಲಿಲ್ಲ, ಒಂದೂ ಎರಡು ಸಲ ಬರಲಿಲ್ಲ. ಬಿಡಿಬಿಡಿಯಾಗಿ ಬರೆದರೆ ಇವಕ್ಕೆ 24 ಅಕ್ಷರ ಬೇಕು; ಇಲ್ಲಿ ಹತ್ತರಲ್ಲಿ ಮುಗಿದಿದೆ. ಅಷ್ಟೇ ಅಲ್ಲ, ಕೊನೆಯ ‘ಲಗಂ’ ಮೊದಲಿನ ‘ಯಮಾ’ದ ಹಾಗೆಯೇ ಲಘು, ಗುರು. ತುದಿಯನ್ನು ತಂದು ಮೊದಲಿನ ಮೇಲೆ ಕೂರಿಸಿದರೆ ಎಂಟೇ ಅಕ್ಷರದ ಮಾಲೆ. ಎಂಟು ಗಣಕ್ಕೆ ಎಂಟಕ್ಷರ! ಇದಕ್ಕಿಂತ ಚಿಕ್ಕದು ಸಾಧ್ಯವೇ ಇಲ್ಲ.

ಗಣಿತದಲ್ಲಿ ಪದಗಳನ್ನೇ ಅಭ್ಯಾಸ ಮಾಡುವ ಒಂದು ಶಾಖೆಯಿದೆ. ಅಲ್ಲಿ ಪದವೆಂದರೆ ಅಕ್ಷರಗಳ ಸಾಲು ಮಾತ್ರ, ಅರ್ಥದ ಹಂಗಿಲ್ಲ. ಯಾವುದರ ಪಕ್ಕ ಯಾವುದು ಬಂತು, ಯಾವುದು ಮರುಕಳಿಸಿತು ಎಂಬುದಷ್ಟೇ ವಿಚಾರ. ನಮ್ಮ ಸೂತ್ರದಂಥ ಮಾಲೆಗಳು ಎಷ್ಟಿರಬಹುದೆಂದು ಡಚ್ ಗಣಿತಜ್ಞ ಡಿ ಬ್ರೌನ್ 1946ರಲ್ಲಿ ಲೆಕ್ಕ ಹಾಕಿದರು. ನಾಲ್ಕಕ್ಷರದ ಗಣಗಳಾದರೆ 16 ಮಾಲೆ, ಐದಕ್ಷರದವಾದರೆ 2048. ಮೂರಕ್ಷರಕ್ಕೆ ಎರಡೇ. ಆ ಎರಡನೆಯದೂ ಬೇರೇನಲ್ಲ, ನಮ್ಮದನ್ನೇ ಹಿಂದಿನಿಂದ ಮುಂದಕ್ಕೆ ಓದಿದ್ದು. ಇದೇ ಎಣಿಕೆಯನ್ನು 1894ರಲ್ಲೇ ಫ್ರಾನ್ಸಿನ ಫ್ಲೈ ಸೇಂತ್ ಮರಿ ಮಾಡಿದ್ದರೆಂದು ಡಿ ಬ್ರೌನ್ ಅವರೇ ಆಮೇಲೆ ಬರೆದು ಒಪ್ಪಿಕೊಂಡರು.

ಈ ಮಾಲೆಯ ಗುಟ್ಟು ನಮ್ಮ ಅಂತ್ಯಾಕ್ಷರಿಯದೇ. ಯಮಾತಾದ ಬಾಲವಾದ ‘ಮಾತಾ’ ಮಾತಾರಾದ ತಲೆಯಾಗುತ್ತದೆ. ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ನೋಡುವ ಬೀಗವೊಂದಿದ್ದರೆ, ಅದರ 10,000 ಗುಪ್ತಸಂಖ್ಯೆಗಳನ್ನು ಒಂದೊಂದಾಗಿ ಒತ್ತಲು 40,000 ಸಲ ಬೆರಳಾಡಿಸಬೇಕು. ಮಾಲೆ ಕಟ್ಟಿ ಒತ್ತಿದರೆ 10,003 ಸಾಕು. ಡಿಎನ್‌ಎ ಓದುವುದಕ್ಕೂ ಇದೇ ಉಪಾಯ: ಯಂತ್ರಗಳು ಅದನ್ನು ಚೂರುಚೂರಾಗಿ ಓದುತ್ತವೆ. 2001ರಲ್ಲಿ ಸಂಶೋಧಕ ಪಾವೆಲ್ ಪೆವ್ಜ್‌ನರ್ ಮತ್ತು ಸಂಗಡಿಗರು ಆ ಚೂರುಗಳನ್ನು ಬಾಲಕ್ಕೆ ತಲೆ ಕೂಡಿಸಿ ಜೋಡಿಸಲು ಡಿ ಬ್ರೌನ್ ದಾರಿಯನ್ನೇ ಹಿಡಿದರು. ಜೀವದ ಓಲೆಗರಿಗೂ ಗಣವಿಭಾಗದ ಕೀಲಿಯೇ ಒದಗಿತು.

ಸೂತ್ರ ಕಟ್ಟಿದವರಿಗೆ ಬೀಗವೂ ಬೇಕಿರಲಿಲ್ಲ, ಡಿಎನ್‌ಎಯೂ ಬೇಕಿರಲಿಲ್ಲ. ಶಿಷ್ಯರ ನೆನಪಿಗೆ ಭಾರವಾಗಬಾರದು, ಅಷ್ಟೇ. ಆ ಅಕ್ಕರೆಯಿಂದ ಒಂದೊಂದೇ ಅಕ್ಷರ ಉಳಿಸುತ್ತ ಹೋದವರು ಗಣಿತ ಗೆರೆ ಎಳೆದು ‘ಇಲ್ಲಿಗೆ ಸಾಕು’ ಎನ್ನುವ ಜಾಗಕ್ಕೇ ಬಂದು ನಿಂತರು. ಬಾಯಿಪಾಠವನ್ನು ಹಗುರವಾಗಿ ಕಾಣುತ್ತಿದ್ದ ನನಗೆ ಈಗ ಕೊಂಚ ನಾಚಿಕೆ.

ಮನೆಯಲ್ಲಿ ಛಂದಸ್ಸು ಓದುವ ಮಕ್ಕಳಿದ್ದರೆ ಹೀಗೆ ಮಾಡಿ: ಕಾಗದದ ಮೇಲೆ ಬಳೆಯಿಟ್ಟು ಸುತ್ತ ಗೆರೆ ಎಳೆಯಿರಿ. ‘ಯ’ದಿಂದ ‘ಸ’ದವರೆಗಿನ ಎಂಟಕ್ಷರಗಳ ಗುರುಲಘುಗಳನ್ನು ಅದರ ಸುತ್ತ ಹಾಕಿಸಿ. ಎಲ್ಲಿಂದ ಬೇಕಾದರೂ ಅವರೇ ಎಣಿಸಲಿ, ಉತ್ತರವನ್ನು ನೀವು ಮೊದಲೇ ಹೇಳಬೇಡಿ.